ಪಾಯಕ್ಕೆ ಹೊಯ್ದ ಔಷಧಿ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಮಣ್ಣಿನ ಗೆರೆಯೊಂದು ಕಾಣಿಸಿತು. ಬೆರಳಿಂದ ಒತ್ತಿದೆ. ಮರ ಹಪ್ಪಳದ ಹಾಗೆ ಒಳಗೆ ಹೋಯಿತು. ಗೆದ್ದಲು. ಬೆಂಗಳೂರಲ್ಲಿ ಇದೇನು ಅಪರೂಪವಲ್ಲ. ಒಂದು ಕಾಲಕ್ಕೆ ಹುತ್ತ ಇದ್ದ ಜಾಗದಲ್ಲೇ ಅಲ್ವಾ ನಮ್ಮ ಲೇಔಟುಗಳೆಲ್ಲ ಎದ್ದಿರೋದು.

ಫೋನು ಮಾಡಿದ ಮರುದಿನವೇ ಇಬ್ಬರು ಹುಡುಗರು ಬಂದರು. ಒಂದು ಡ್ರಿಲ್ಲು, ಒಂದು ಬಕೆಟ್ಟು, 5 ಲೀಟರಿನ ಒಂದು ಬಿಳಿ ಕ್ಯಾನು. ಗೋಡೆ ಮತ್ತು ನೆಲ ಸೇರುವ ಕಡೆ ಅಡಿಗೊಂದರಂತೆ ತೂತು ಕೊರೆದರು. ಒಬ್ಬ ಕ್ಯಾನಿನ ಮುಚ್ಚಳದಲ್ಲೇ ಅಳೆದು ಬಕೆಟ್ಟಿಗೆ ಸುರಿದ. ನೀರು ಹಾಲಿನ ಹಾಗೆ ಬೆಳ್ಳಗಾಯಿತು. ಕಲಕೋಕೆ ಕೋಲು ಹುಡುಕಿದ, ಸಿಗಲಿಲ್ಲ. ಮೊಣಕೈವರೆಗೂ ಕೈ ಇಳಿಬಿಟ್ಟು ಕಲಕಿದ.

"ಅಯ್ಯೋ, ಕೈ ಹಾಕಬೇಡಪ್ಪ" ಅಂದೆ.

"ಏನೂ ಆಗಲ್ಲ ಸಾರ್. ಔಷಧಿ ತಾನೆ. ದಿನಾ ಇದೇ ಕೆಲಸ ನಮ್ದು" ಅಂದ.

ಅವನ ತಪ್ಪಲ್ಲ. ನಮ್ಮ ಭಾಷೆಯೇ ಹಾಗಿದೆ. ಜ್ವರಕ್ಕೂ ಔಷಧಿ, ಹೂಕೋಸಿಗೂ ಔಷಧಿ, ಜಿರಳೆಗೂ ಔಷಧಿ. ಹೊಲಕ್ಕೆ ಔಷಧಿ ಹೊಡೆದರು ಅಂದರೆ ಯಾರೂ ಬೆಚ್ಚಿಬೀಳೋದಿಲ್ಲ. ಯಾರೋ "ಔಷಧಿ ಕುಡಿದುಬಿಟ್ಟ" ಅಂತ ಊರಿಂದ ಫೋನು ಬಂದಾಗ ಮಾತ್ರ ಆ ಪದದ ನಿಜವಾದ ಅರ್ಥ ಒಂದು ಕ್ಷಣ ಹೊರಗೆ ಬರುತ್ತದೆ.

ಕ್ಯಾನು ತಿರುಗಿಸಿ ನೋಡಿದೆ. ಕ್ಲೋರ್‌ಪೈರಿಫಾಸ್ 20% ಇ.ಸಿ., ಅಂದರೆ ನೀರಿಗೆ ಬೆರೆಸಿ ಬಳಸುವ ಗಟ್ಟಿ ದ್ರಾವಣ. ಪಕ್ಕದಲ್ಲಿ, ಮೂಲೆ ಮೇಲೆ ಮಾಡಿ ನಿಲ್ಲಿಸಿದ ಚೌಕದ ಗುರುತು. ಅದರ ಕೆಳಗಿನ ಅರ್ಧ ಹಳದಿ. ನಮ್ಮ ದೇಶದಲ್ಲಿ ಕೀಟನಾಶಕಗಳನ್ನು ವಿಷದ ಕಾವಿನ ಪ್ರಕಾರ ನಾಲ್ಕು ಬಣ್ಣಕ್ಕೆ ಹಂಚಿದ್ದಾರೆ. ಕೆಂಪು ಎಲ್ಲಕ್ಕಿಂತ ಉಗ್ರ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೂ ವಿಷವೇ, ಸ್ವಲ್ಪ ಮೆದು ಅಷ್ಟೆ. ನಮ್ಮ ಅಡುಗೆಮನೆಗೆ ಬಂದಿದ್ದು ಮೇಲಿಂದ ಎರಡನೆಯದು.

ಅಮೆರಿಕದ ಡೌ ಕಂಪನಿ ಕ್ಲೋರ್‌ಪೈರಿಫಾಸ್ ಅನ್ನು ಮಾರುಕಟ್ಟೆಗೆ ತಂದಿದ್ದು 1965ರಲ್ಲಿ. ಮನೆ ಬಳಕೆಗೆ ಡರ್ಸ್‌ಬಾನ್, ಹೊಲದ ಬಳಕೆಗೆ ಲಾರ್ಸ್‌ಬಾನ್ ಅಂತ ಎರಡು ಹೆಸರು. ಮುಂದೆ ಪೇಟೆಂಟು ಮುಗಿದು ಎಲ್ಲರೂ ಮಾಡತೊಡಗಿದರು. ಭತ್ತದ ಎಲೆ ಸುರುಳಿ ಹುಳು, ಬದನೆಯ ಕಾಯಿ ಕೊರಕ, ಎಲೆಕೋಸಿನ ಹುಳು, ಕಬ್ಬು ಶೇಂಗಾದ ಬೇರು ತಿನ್ನುವ ಗೊಣ್ಣೆಹುಳು, ಎಲ್ಲಕ್ಕೂ ಇದೊಂದೇ. ರೇಟು ಕಡಿಮೆ, ಯಾವ ಗೊಬ್ಬರದ ಅಂಗಡಿಯಲ್ಲಾದರೂ ಸಿಗುತ್ತದೆ. ಹುಳು ಮುಟ್ಟಿದರೂ ಸಾಯುತ್ತದೆ, ತಿಂದರೂ ಸಾಯುತ್ತದೆ, ಅದರ ಆವಿ ತಗಲಿದರೂ ಸಾಯುತ್ತದೆ. ರೈತ ಇದನ್ನು ಯಾಕೆ ಕೊಳ್ಳುತ್ತಾನೆ ಅಂತ ನಗರದಲ್ಲಿ ಕೂತು ಆಶ್ಚರ್ಯಪಡೋ ಅಗತ್ಯ ಇಲ್ಲ.

ಇದು ಆರ್ಗನೋಫಾಸ್ಫೇಟ್ ಅನ್ನೋ ದೊಡ್ಡ ಮನೆತನಕ್ಕೆ ಸೇರಿದ್ದು. ಮನೆತನದ ಚರಿತ್ರೆ ಅಷ್ಟು ಒಳ್ಳೆಯದಲ್ಲ. 1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಹೊಸ ಕೀಟನಾಶಕ ಹುಡುಕುತ್ತಿದ್ದಾಗ ಕೈಗೆ ಸಿಕ್ಕಿದ್ದು ತಬುನ್ ಅನ್ನೋ ನರವಿಷ. ಅದು ಹುಳುವಿನ ಜೊತೆ ಮನುಷ್ಯರನ್ನೂ ಕೊಲ್ಲುವಷ್ಟು ಜೋರಾಗಿದ್ದರಿಂದ ಸೇನೆಯ ಪಾಲಾಯಿತು. ಬೆನ್ನಲ್ಲೇ ಅಂಥದ್ದೇ ಇನ್ನೊಂದು, ಸರಿನ್ ಬಂತು. ಕ್ಲೋರ್‌ಪೈರಿಫಾಸ್, ಮ್ಯಾಲಥಿಯಾನ್, ಮೊನೊಕ್ರೊಟೊಫಾಸ್, ನುವಾನ್ ಅನ್ನೋ ಹೆಸರಲ್ಲಿ ನಮ್ಮವರಿಗೆ ಗೊತ್ತಿದ್ದ ಡೈಕ್ಲೋರ್‌ವಾಸ್, ಇವೆಲ್ಲ ಅದೇ ವಂಶದ ಸೌಮ್ಯ ಕುಡಿಗಳು. ಕೆಲಸ ಮಾಡುವ ರೀತಿ ಎಲ್ಲರದೂ ಒಂದೇ. (ದಕ್ಷಿಣ ಕನ್ನಡದ ಗೇರು ತೋಟಗಳ ಎಂಡೋಸಲ್ಫಾನ್ ಈ ಗುಂಪಿನದಲ್ಲ. ಅದು ಡಿಡಿಟಿ, ಆಲ್ಡ್ರಿನ್‌ಗಳ ಕಡೆಯ ಕ್ಲೋರಿನ್ ಗುಂಪು. ಎರಡನ್ನೂ ಒಂದೇ ಅಂದುಕೊಂಡು ಮಾತಾಡುವವರು ತುಂಬ ಜನ ಇದ್ದಾರೆ.)

ಆ ರೀತಿ ಏನು? ನರ ತನ್ನ ಮಾತನ್ನು ಸ್ನಾಯುವಿಗೆ ದಾಟಿಸೋಕೆ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕವನ್ನು ಬಿಡುತ್ತದೆ. ಮಾತು ಮುಟ್ಟಿದ ಮೇಲೆ ಅದನ್ನು ಅಲ್ಲೇ ಒಡೆದು ಹಾಕೋಕೆ ಒಂದು ಕಿಣ್ವ ಇದೆ. ಆರ್ಗನೋಫಾಸ್ಫೇಟ್ ಹೋಗಿ ಆ ಕಿಣ್ವಕ್ಕೆ ಅಂಟಿಕೊಂಡು ಅದನ್ನು ಕೂರಿಸಿಬಿಡುತ್ತದೆ. ಕಾಲಿಂಗ್ ಬೆಲ್ಲಿನ ಗುಂಡಿ ಒತ್ತಿದಾಗ ಒಳಗೇ ಸಿಕ್ಕಿಕೊಂಡರೆ ಏನಾಗುತ್ತದೆ? ಬೆಲ್ಲು ಒಂದೇ ಸಮ ಬಡಿದುಕೊಳ್ಳುತ್ತದೆ. ದೇಹದಲ್ಲೂ ಹಾಗೇ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ವಾಂತಿ, ಭೇದಿ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗುತ್ತದೆ. ಎದೆಯಲ್ಲಿ ಕಫ ತುಂಬುತ್ತದೆ. ರೆಪ್ಪೆ, ತೊಡೆ ಅದುರುತ್ತವೆ. ಕೊನೆಗೆ ಉಸಿರಾಟದ ಸ್ನಾಯುವೇ ಸೋತು ಕೈಬಿಡುತ್ತದೆ.

ಕ್ಲೋರ್‌ಪೈರಿಫಾಸ್‌ನ ಒಂದು ವಿಶೇಷ ಅಂದರೆ ಅದು ಡಬ್ಬಿಯಲ್ಲಿ ಇರುವಾಗಿನ ರೂಪದಲ್ಲಿ ಅಷ್ಟೇನೂ ಜೋರಲ್ಲ. ಒಳಗೆ ಹೋದ ಮೇಲೆ ನಮ್ಮ ಲಿವರ್ರೇ ಅದನ್ನು ಆಕ್ಸಾನ್ ಅನ್ನೋ ಹೆಚ್ಚು ವಿಷದ ರೂಪಕ್ಕೆ ತಿರುಗಿಸುತ್ತದೆ. ಕೊಬ್ಬಿನಲ್ಲೂ ಕರಗಿ ಕೂರುತ್ತದೆ. ಅದಕ್ಕೇ ಲಕ್ಷಣ ಎಷ್ಟೋ ಸಲ ತಡವಾಗಿ ಕಾಣುತ್ತದೆ. ಬೆಳಿಗ್ಗೆ ಸಿಂಪಡಣೆ ಮಾಡಿದವನಿಗೆ ಸಂಜೆ ತಲೆ ಸುತ್ತು, ವಾಕರಿಕೆ ಬಂದರೆ "ಬಿಸಿಲಿಗೆ ಆಗಿರಬೇಕು" ಅಂತ ಮಲಗುತ್ತಾನೆ. ನಮ್ಮ ಮನೆಗೆ ಬಂದ ಹುಡುಗನಿಗೂ ಯಾವಾಗಲಾದರೂ ಹಾಗಾಗಿರಬಹುದು. ಅದಕ್ಕೂ ಬೆಳಗಿನ ಬಕೆಟ್ಟಿಗೂ ಸಂಬಂಧ ಕಟ್ಟೋರು ಯಾರು?

ಆಸ್ಪತ್ರೆಯಲ್ಲಿ ಮೊದಲು ಕೊಡೋದು ಅಟ್ರೋಪಿನ್. ಅದು ಜೊಲ್ಲು, ಕಫ ಒಣಗಿಸಿ ಉಸಿರಿಗೆ ದಾರಿ ಮಾಡುತ್ತದೆ. ಪ್ಯಾಮ್ ಅಂತ ಕರೆಯುವ ಪ್ರಾಲಿಡಾಕ್ಸಿಮ್ ಅನ್ನೂ ಕೊಡುತ್ತಾರೆ, ಅದರಿಂದ ನಿಜಕ್ಕೂ ಎಷ್ಟು ಉಪಯೋಗ ಅನ್ನೋದರ ಬಗ್ಗೆ ವೈದ್ಯರಲ್ಲೇ ಎರಡು ಮಾತಿದೆ. ರೋಗಿ ಚೇತರಿಸಿಕೊಂಡ ಅಂತ ಮನೆಯವರು ನಿಟ್ಟುಸಿರು ಬಿಡುವಾಗಲೇ, ಒಂದರಿಂದ ನಾಲ್ಕು ದಿನದೊಳಗೆ ಕತ್ತು ಎತ್ತೋಕೆ ಆಗದೆ, ಉಸಿರು ನಿಂತು ವೆಂಟಿಲೇಟರ್‌ಗೆ ಹೋಗೋದೂ ಉಂಟು. ಶ್ರೀಲಂಕಾದ ವೈದ್ಯರು 1987ರಲ್ಲಿ ಇದನ್ನು ಬೇರೆಯಾಗಿ ಗುರುತಿಸಿ ಹೆಸರಿಟ್ಟರು. ಕೆಲವರಿಗೆ ವಾರಗಳ ನಂತರ ಕಾಲು ಜೋಮು ಹಿಡಿದು ಬಲ ಕಳೆದುಕೊಳ್ಳೋದೂ ಇದೆ.

ಈ ಮನೆತನದ ವಿಷ ಏನು ಮಾಡಬಲ್ಲದು ಅನ್ನೋದನ್ನು ಕರ್ನಾಟಕ ಬೇರೆಯವರಿಂದ ಕಲಿಯಬೇಕಾಗಿಲ್ಲ. ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ 2018ರ ಡಿಸೆಂಬರ್ 14ರಂದು ಪ್ರಸಾದ ತಿಂದು 17 ಜನ ಸತ್ತರು. ಪ್ರಸಾದದಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್. ಅಲ್ಲಿ ಅದನ್ನು ಬೇಕೆಂದೇ ಬೆರೆಸಿದ್ದರು. ಆದರೆ ಬೆರೆಸೋಕೆ ಅಷ್ಟು ಸುಲಭವಾಗಿ ಕೈಗೆ ಸಿಕ್ಕಿತ್ತಲ್ಲ, ಅದು ಬೇರೆ ವಿಷಯ.

ಇವೆಲ್ಲ ಜಾಸ್ತಿ ಪ್ರಮಾಣದ ಕತೆ. ಕ್ಲೋರ್‌ಪೈರಿಫಾಸ್ ಮೇಲೆ ಜಗತ್ತಿನಾದ್ಯಂತ ಗಲಾಟೆ ಎದ್ದಿದ್ದು ಇದರಿಂದಲ್ಲ. ತೀರಾ ಕಡಿಮೆ ಪ್ರಮಾಣದಲ್ಲಿ, ಯಾರಿಗೂ ಏನೂ ಆಗದ ಹಾಗೆ ಕಾಣುವ ಮಟ್ಟದಲ್ಲಿ, ಹೊಟ್ಟೆಯೊಳಗಿನ ಮಗುವಿಗೆ ಏನಾಗುತ್ತದೆ ಅನ್ನೋ ಪ್ರಶ್ನೆಯಿಂದ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಬಡ ಬಡಾವಣೆಗಳ ಬಸುರಿಯರನ್ನು ಹಿಂಬಾಲಿಸಿ ಒಂದು ಅಧ್ಯಯನ ಮಾಡಿದರು. ಅಲ್ಲಿನ ಬಾಡಿಗೆ ಮನೆಗಳಲ್ಲಿ ಜಿರಳೆಗೆ ಕ್ಲೋರ್‌ಪೈರಿಫಾಸ್ ಹೊಡೆಯೋದು ಮಾಮೂಲಿಯಾಗಿತ್ತು. ಹೆರಿಗೆಯಾದಾಗ ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದು ಎಷ್ಟಿದೆ ಅಂತ ಅಳೆದಿಟ್ಟುಕೊಂಡರು. ಮಕ್ಕಳು 7 ವರ್ಷದವರಾದಾಗ ನೋಡಿದರೆ, ರಕ್ತದಲ್ಲಿ ಅದು ಜಾಸ್ತಿ ಇದ್ದವರ ಬುದ್ಧಿಮತ್ತೆಯ ಅಂಕ, ನೆನಪಿಟ್ಟುಕೊಂಡು ಕೆಲಸ ಮಾಡುವ ಶಕ್ತಿ ಎರಡೂ ಕಡಿಮೆ. ಇದು ಪ್ರಕಟವಾಗಿದ್ದು 2011ರಲ್ಲಿ. ಅದೇ ವರ್ಷ ಕ್ಯಾಲಿಫೋರ್ನಿಯಾದ ಹೊಲಗೂಲಿ ಕುಟುಂಬಗಳ ಮಕ್ಕಳಲ್ಲೂ ಆರ್ಗನೋಫಾಸ್ಫೇಟ್‌ಗಳ ಬಗ್ಗೆ ಇಂಥದ್ದೇ ಫಲಿತಾಂಶ ಬಂತು. ಕೊಲಂಬಿಯಾದವರು ಕಚ್ಚಾ ಲೆಕ್ಕಗಳನ್ನು ಪೂರ್ತಿ ಬಿಟ್ಟುಕೊಡಲಿಲ್ಲ ಅಂತ ಕಂಪನಿಗಳ ಕಡೆಯವರು ವರ್ಷಗಟ್ಟಲೆ ತಕರಾರು ತೆಗೆದರು. ಆ ತಕರಾರಿನಲ್ಲಿ ಸ್ವಲ್ಪ ಹುರುಳೂ ಇದೆ. ಆದರೆ ಬೇರೆ ಬೇರೆ ಕಡೆಯ ಅಧ್ಯಯನಗಳು ಒಂದೇ ದಿಕ್ಕಿಗೆ ಕೈ ತೋರಿಸುವಾಗ, ಸುಮ್ನೆ ಕಾಕತಾಳೀಯ ಅನ್ನೋಕೆ ನನಗಂತೂ ಧೈರ್ಯ ಸಾಲದು. ಈ ವಿಷವನ್ನು ಒಡೆಯುವ ಕಿಣ್ವ ಹಸುಗೂಸುಗಳಲ್ಲಿ ದೊಡ್ಡವರಲ್ಲಿ ಇರುವಷ್ಟು ಇರೋದಿಲ್ಲ ಅನ್ನೋದಂತೂ ಎಲ್ಲರೂ ಒಪ್ಪಿದ ಮಾತು.

ಹಾಗಂತ ಕಂಡ ಕಾಯಿಲೆಯನ್ನೆಲ್ಲ ಕೀಟನಾಶಕದ ತಲೆಗೆ ಕಟ್ಟೋದೂ ಬೇಡ. ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ ನೆನಪಿರಬಹುದು. 1970ರ ದಶಕದಲ್ಲಿ ಅಲ್ಲಿನ ಜನರ ಸೊಂಟ, ಮಂಡಿ ಸವೆದು ನಡೆಯೋಕಾಗದ ಸ್ಥಿತಿ ಬಂದಾಗ, ಔಷಧಿ ಹೊಡೆದ ಗದ್ದೆಯ ಏಡಿ ತಿಂದಿದ್ದೇ ಕಾರಣ ಅಂತ ಬಲವಾಗಿ ಅನುಮಾನಪಟ್ಟರು. ಆಮೇಲಿನ ಸಂಶೋಧನೆಗಳು ಅದು ವಂಶದಲ್ಲಿ ಹರಿದು ಬರುವ ಮೂಳೆಯ ತೊಂದರೆ ಅನ್ನೋ ಕಡೆಗೆ ವಾಲಿದವು. ಹೀಗಾಗಿ ಬೊಟ್ಟು ಮಾಡುವ ಮೊದಲು ವಿಷ ಯಾವ ದಾರಿಯಲ್ಲಿ, ಎಷ್ಟು, ಯಾರ ಮೈಗೆ ಹೋಗುತ್ತಿದೆ ಅಂತ ಲೆಕ್ಕ ಹಾಕಬೇಕು.

ಬೆಂಗಳೂರಲ್ಲಿ ಆ ಲೆಕ್ಕ ಹಾಕಿದರೆ ವಿಚಿತ್ರ ಉತ್ತರ ಬರುತ್ತದೆ.

ಹೊಸ ಮನೆ ಕಟ್ಟುವಾಗ ಪಾಯಕ್ಕೆ ಗೆದ್ದಲು ಔಷಧಿ ಹೊಯ್ಯೋಕೆ ಭಾರತೀಯ ಮಾನಕ ಐಎಸ್ 6313 ಅಂತ ಒಂದಿದೆ. ಅದರ ಪ್ರಕಾರ ಕ್ಲೋರ್‌ಪೈರಿಫಾಸ್ ಆದರೆ 1% ದ್ರಾವಣ, ನೆಲದ ಪ್ರತಿ ಚದರ ಮೀಟರಿಗೆ 5 ಲೀಟರ್. 20%ರ ಒಂದು ಲೀಟರಿಗೆ 19 ಲೀಟರ್ ನೀರು ಬೆರೆಸಿದರೆ 1% ಆಗುತ್ತದೆ. ಈಗ 30-40 ಸೈಟಿನಲ್ಲಿ ಮನೆ ಕೂರುವ ಜಾಗ 1000 ಚದರ ಅಡಿ ಅಂದುಕೊಳ್ಳಿ. ಹತ್ತಿರ ಹತ್ತಿರ 93 ಚದರ ಮೀಟರ್. ದ್ರಾವಣ 465 ಲೀಟರ್. ಅಂದರೆ 20%ರ ಔಷಧಿ ಸುಮಾರು 23 ಲೀಟರ್. ಪಾಯದ ಗೋಡೆಗಳ ಪಕ್ಕಕ್ಕೆ ಹೊಯ್ಯುವುದು ಇದರ ಮೇಲೆ ಬೇರೆ.

ಹೊಲದ ಲೆಕ್ಕ ನೋಡಿ. ಕೋಸಿಗೋ ಬದನೆಗೋ ಲೀಟರ್ ನೀರಿಗೆ 2 ಮಿಲಿ ಲೀಟರಿನಂತೆ ಬೆರೆಸಿ ಎಕರೆಗೆ 200ರಿಂದ 400 ಲೀಟರ್ ಸಿಂಪಡಿಸಿದರೆ, ಒಂದು ಸಲಕ್ಕೆ ಒಂದು ಲೀಟರ್ ಔಷಧಿಯೂ ಹಿಡಿಯೋದಿಲ್ಲ. ಎಕರೆ ಅಂದರೆ 43,560 ಚದರ ಅಡಿ. ಅಡಿಗೆ ಅಡಿ ಹೋಲಿಸಿದರೆ ನಮ್ಮ ಪಾಯಕ್ಕೆ ಹೋಗೋದು ಕೋಸಿನ ಹೊಲದ ಒಂದು ಸಿಂಪಡಣೆಗಿಂತ ಸಾವಿರ ಪಟ್ಟಿಗೂ ಜಾಸ್ತಿ. ಮೊದಲ ಸಲ ಲೆಕ್ಕ ಹಾಕಿದಾಗ ಸೊನ್ನೆ ಎಲ್ಲೋ ತಪ್ಪಿತು ಅಂದುಕೊಂಡೆ. ಮತ್ತೆ ಹಾಕಿದೆ. ಅಷ್ಟೇ ಬಂತು.

ಅಷ್ಟು ಹೊಯ್ದರೂ ಮನೆಯವರು ಕಂಗಾಲಾಗೋ ಅಗತ್ಯ ಇಲ್ಲ. ಇದು ನೀರಲ್ಲಿ ಹೆಚ್ಚು ಕರಗೋದಿಲ್ಲ, ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಮೇಲೆ ಕಾಂಕ್ರೀಟು ಬೀಳುತ್ತದೆ. ಸರಿಯಾಗಿ ಮಾಡಿದ ಪಾಯದ ಕೆಲಸದಿಂದ ಆಮೇಲೆ ಬಂದು ವಾಸ ಮಾಡುವವರಿಗೆ ತೊಂದರೆ ಕಡಿಮೆ. ಕಾಂಕ್ರೀಟು ಬೀಳುವ ಮೊದಲು ಅಲ್ಲಿ ಇರೋರು ಯಾರು ಅಂತ ಕೇಳಿ. ಈ ಊರಿನ ಯಾವ ಸೈಟಿನ ಮುಂದೆ ನಿಂತರೂ ಕಾಣುತ್ತದೆ: ತಗಡಿನ ಶೆಡ್ಡು, ಮೂರು ಕಲ್ಲಿನ ಒಲೆ, ಮಣ್ಣಿನ ಗುಡ್ಡೆ ಮೇಲೆ ಬರಿಗಾಲಲ್ಲಿ ಆಡುವ ಎರಡು ವರ್ಷದ ಮಗು. ರಾಯಚೂರು, ಯಾದಗಿರಿ ಕಡೆಯಿಂದ ಬಂದ ಕುಟುಂಬ ಕಾವಲು ಕೆಲಸಕ್ಕೆ ಅಂತ ಅಲ್ಲೇ ಬಿಡಾರ ಹೂಡಿರುತ್ತದೆ. ಮಗು ಮಣ್ಣು ಕೈಗೆತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತದೆ. ನ್ಯೂಯಾರ್ಕಿನಲ್ಲಿ ಹೊಕ್ಕುಳಬಳ್ಳಿಯ ರಕ್ತ ಅಳೆದರು. ಇಲ್ಲಿ ಈ ಮಗುವನ್ನು ಅಳೆಯುವವರು ಯಾರೂ ಇಲ್ಲ.

ಎರಡನೆಯ ದಾರಿ ನಮ್ಮ ಮನೆಗೆ ಬಂದದ್ದು, ಕಟ್ಟಿದ ಮನೆಯ ಒಳಗೆ ತೂತು ಕೊರೆದು ಹೊಯ್ಯೋದು. ಇಲ್ಲಿ ಬೆಂಗಳೂರಿನದೇ ಆದ ಒಂದು ಅಪಾಯ ಇದೆ, ಸಂಪು. ಬೇರೆ ಎಷ್ಟೋ ಊರುಗಳಲ್ಲಿ ನೀರಿನ ತೊಟ್ಟಿ ಮೇಲಿರುತ್ತದೆ. ನಮ್ಮಲ್ಲಿ ಕಾವೇರಿ ನೀರು, ಟ್ಯಾಂಕರ್ ನೀರು ಮೊದಲು ಬೀಳೋದು ಕಾರು ನಿಲ್ಲಿಸುವ ಜಾಗದ ಕೆಳಗಿನ ಸಂಪಿಗೆ. ಅದರ ಗೋಡೆಯೂ ಮನೆಯ ಪಾಯವೂ ಅಕ್ಕಪಕ್ಕ. ಸಂಪಿನ ಒಳಗಿನ ಗಾರೆಯಲ್ಲಿ ಸಣ್ಣ ಬಿರುಕಿದ್ದರೂ, ಆ ಕಡೆಯ ತೂತಿಗೆ ಒತ್ತಡದಿಂದ ಬಿಟ್ಟ ದ್ರಾವಣ ಈ ಕಡೆ ಇಳಿಯಬಹುದು. ನಮ್ಮ ಹುಡುಗರು ಗೇಟಿನ ಕಡೆ ಕೊರೆಯುತ್ತಾ ಸಂಪಿನ ಮುಚ್ಚಳದಿಂದ ಎರಡು ಅಡಿ ದೂರಕ್ಕೆ ಬಂದಾಗ ನಾನು ನಿಲ್ಲಿಸಿದೆ. "ಸಂಪು ಎಲ್ಲಿದೆ ಅಂತ ಕೇಳಲೇ ಇಲ್ವಲ್ಲಪ್ಪ" ಅಂದೆ. "ಯಾರೂ ಹೇಳಲ್ಲ ಸಾರ್, ನಾವೂ ಕೇಳಲ್ಲ" ಅಂದ. ಇಷ್ಟು ಪ್ರಾಮಾಣಿಕ ಉತ್ತರ ಮ್ಯಾನೇಜರ್ ಕೊಡುತ್ತಿರಲಿಲ್ಲ.

ಇನ್ನು ವಾಸನೆ. ಔಷಧಿ ಹೊಡೆಸಿದ ಮನೆಗೆ ನಾವು ವಾಪಸ್ಸು ಹೋಗೋದು ಮೂಗು ನೋಡಿಕೊಂಡು. ಆದರೆ ಆ ಘಾಟಿನಲ್ಲಿ ದೊಡ್ಡ ಪಾಲು ಔಷಧಿ ಕರಗಿಸೋಕೆ ಹಾಕಿದ ದ್ರಾವಕದ್ದು. ಅದು ಬೇಗ ಹಾರಿ ಹೋಗುತ್ತದೆ. ಕ್ಲೋರ್‌ಪೈರಿಫಾಸ್ ಹಾಗಲ್ಲ, ನಿಧಾನವಾಗಿ ಎದ್ದು ಧೂಳಿನ ಮೇಲೆ, ಬಟ್ಟೆಯ ಮೇಲೆ ಕೂರುತ್ತದೆ. ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸಿಂಪಡಣೆ ಮಾಡಿದ ಮನೆಯಲ್ಲಿ ಆಮೇಲೆ ತಂದಿಟ್ಟ ಆಟದ ಗೊಂಬೆಗಳ ಮೇಲೆ ಅದು ಎರಡು ವಾರದವರೆಗೂ ಶೇಖರವಾಗುತ್ತಾ ಹೋಗಿತ್ತು. ಹೊಲದಲ್ಲಿ ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿಗಳು ಇದನ್ನು ಒಡೆಯುತ್ತವೆ. ಕಿಟಕಿ ಮುಚ್ಚಿದ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಒಡೆಯೋಕೆ ಯಾರಿದ್ದಾರೆ?

ಮೂರನೆಯದು ತರಕಾರಿ. ನಗರದವರು ಕೀಟನಾಶಕ ಅಂದ ಕೂಡಲೇ ಮಾತಾಡೋದು ಇದೊಂದನ್ನೇ. 2003ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ತಂಪು ಪಾನೀಯಗಳಲ್ಲಿ ಕೀಟನಾಶಕ ಇದೆ ಅಂತ ತೋರಿಸಿದಾಗ ದೇಶವೇ ಎದ್ದು ಕೂತಿತ್ತು. ಅದರಲ್ಲಿ ಸಿಕ್ಕವುಗಳಲ್ಲಿ ಕ್ಲೋರ್‌ಪೈರಿಫಾಸೂ ಒಂದು. ತರಕಾರಿಯಲ್ಲಿ ಉಳಿಕೆ ಇರೋದು ನಿಜ, ಹೊಡೆದ ಮೇಲೆ ಕಾಯಬೇಕಾದಷ್ಟು ದಿನ ಕಾಯದೆ ಕೊಯ್ಯೋದೂ ನಿಜ. ಹೊಸಕೋಟೆ ಕಡೆಯ ನನ್ನ ಪರಿಚಯದ ರೈತರೊಬ್ಬರು ಇದನ್ನು ಮುಚ್ಚಿಡೋದಿಲ್ಲ. "ಹುಳ ಇರೋ ಒಂದು ಹೂಕೋಸು ನೀವು ತಗೊಂಡ್ರಾ ಸ್ವಾಮಿ? ಕಲಾಸಿಪಾಳ್ಯದಲ್ಲಿ ಮೂಟೇನೇ ಆಚೆಗೆ ಎಸೀತಾರೆ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಬೆನ್ನಿಗೆ ಪಂಪು ಕಟ್ಟಿಕೊಂಡು ಗಾಳಿಗೆ ಎದುರಾಗಿ ನಡೆಯುವ ಒಂದು ಬೆಳಗಿನಲ್ಲಿ ಅವರ ತೋಳು, ತೊಡೆಗೆ ಹತ್ತುವ ವಿಷಕ್ಕೆ ಹೋಲಿಸಿದರೆ ನನ್ನ ಸಾರಿನ ತಟ್ಟೆಗೆ ಬರೋದು ಎಷ್ಟೋ ಕಡಿಮೆ. ತರಕಾರಿಯನ್ನು ಹರಿಯುವ ನೀರಲ್ಲಿ ಉಜ್ಜಿ ತೊಳೆದರೆ ಮೇಲಿನದು ಒಂದಷ್ಟು ಹೋಗುತ್ತದೆ, ಸಿಪ್ಪೆ ತೆಗೆದರೆ ಇನ್ನಷ್ಟು. ಒಳಗೆ ಇಳಿದದ್ದಕ್ಕೆ ಉಪ್ಪು, ಹುಣಸೆ, ಸೋಡಾ ಯಾವುದೂ ಪೂರ್ತಿ ಮದ್ದಲ್ಲ. ರೈತನ ಚರ್ಮಕ್ಕೆ ಅಂಟಿದ್ದನ್ನು ತಕ್ಷಣ ಸೋಪು ಹಾಕಿ ತೊಳೆಯಬೇಕು ಅಂತ ಹೇಳೋರು ಮಾತ್ರ ಕಡಿಮೆ.

ಇದೇ ಮನೆತನದ ಇನ್ನಿಬ್ಬರು ನಮ್ಮ ಬೀದಿಗೇ ಬರುತ್ತಾರೆ. ಡೆಂಗಿ ಕಾಲದಲ್ಲಿ ಪಾಲಿಕೆಯವರ ಹೊಗೆ ಯಂತ್ರಕ್ಕೆ ಡೀಸೆಲ್ ಜೊತೆ ಹಾಕುವವುಗಳಲ್ಲಿ ಮ್ಯಾಲಥಿಯಾನ್ ಒಂದು. ಲಾರ್ವಾ ಕೊಲ್ಲೋಕೆ ನಿಂತ ನೀರಿಗೆ ಬಿಡೋದು ಟೆಮೆಫಾಸ್. ಟೆಮೆಫಾಸ್ ಅನ್ನು ಲೀಟರಿಗೆ 1 ಮಿಲಿಗ್ರಾಂ ಮೀರದಂತೆ ಕುಡಿಯುವ ನೀರಿನ ತೊಟ್ಟಿಗೂ ಹಾಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಒಂದೇ ವಂಶ ಅಂದ ಮಾತ್ರಕ್ಕೆ ಎಲ್ಲರೂ ಒಂದೇ ಅಲ್ಲ ಅನ್ನೋಕೆ ಇದು ಸಾಕು. ಹೊಗೆಯ ಬಗ್ಗೆ ನನಗೆ ಅಷ್ಟು ಗೌರವ ಇಲ್ಲ. ಡೆಂಗಿ ಸೊಳ್ಳೆ ಇರೋದು ಮಂಚದ ಕೆಳಗೆ, ಬಟ್ಟೆಗಳ ಹಿಂದೆ. ಹೊಗೆ ಹೋಗೋದು ರಸ್ತೆ ಮೇಲೆ. ಹಿಂದೆ ಓಡೋದು ಮಕ್ಕಳು.

ಇನ್ನು ಕಾನೂನು. ನಮ್ಮ ಕೀಟನಾಶಕ ಕಾಯ್ದೆ ಹುಟ್ಟಿದ್ದೇ ಒಂದು ಆರ್ಗನೋಫಾಸ್ಫೇಟ್ ದುರಂತದಿಂದ. 1958ರಲ್ಲಿ ಹಡಗಿನಲ್ಲಿ ಪ್ಯಾರಾಥಿಯಾನ್ ಸೋರಿ ಆಹಾರದ ಮೂಟೆಗಳಿಗೆ ತಗಲಿತು. ಅದನ್ನು ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಹತ್ತು ವರ್ಷ ಬಿಟ್ಟು, 1968ರಲ್ಲಿ ಕಾಯ್ದೆ ಬಂತು, 1971ರಲ್ಲಿ ನಿಯಮ. ಕೆಲಸಗಾರರಿಗೆ ರಕ್ಷಣೆಯ ಉಡುಪು ಕೊಡಬೇಕು, ಆಗಾಗ ವೈದ್ಯರಿಂದ ತಪಾಸಣೆ ಮಾಡಿಸಬೇಕು ಅಂತ ಆ ನಿಯಮಗಳಲ್ಲೇ ಇದೆ. ಮನೆಮನೆಗೆ ಬಂದು ಔಷಧಿ ಹೊಡೆಯುವ ಕಂಪನಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಅದಕ್ಕೆ ತರಬೇತಿ ಪಡೆದ ಪದವೀಧರರು ಇರಬೇಕು. ತರಬೇತಿ ಕೊಡುವ ಸಂಸ್ಥೆಗಳಲ್ಲಿ ನಮ್ಮ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಸಿಎಫ್‌ಟಿಆರ್‌ಐ ಒಂದು. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಬಕೆಟ್ಟಿಗೆ ಕೈ ಹಾಕಿದ ಹುಡುಗ ಆ ಕಾಗದದಲ್ಲಿ ಎಲ್ಲೂ ಇಲ್ಲ, ಅಷ್ಟೇ.

ಹೊರಗಿನ ದೇಶಗಳು ಇದನ್ನು ಒಂದೊಂದೇ ಹೆಜ್ಜೆಯಾಗಿ ಬಿಟ್ಟವು. ಅಮೆರಿಕ 2000ದಲ್ಲೇ ಮನೆಯೊಳಗಿನ ಬಳಕೆಯನ್ನು ಬಹುತೇಕ ನಿಲ್ಲಿಸುವ ತೀರ್ಮಾನ ಮಾಡಿತು. ಹೊಸ ಮನೆಗಳ ಪಾಯಕ್ಕೆ ಹೊಯ್ಯೋದನ್ನು ನಿಲ್ಲಿಸೋಕೆ 2005ರ ಕೊನೆಯವರೆಗೆ ಸಮಯ ಕೊಟ್ಟಿತು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2019ರಲ್ಲಿ, ಇಷ್ಟರವರೆಗೆ ಸುರಕ್ಷಿತ ಅಂತ ಹೇಳೋಕೆ ಆಗುವ ಮಟ್ಟವೇ ಇಲ್ಲ ಅಂದಿತು. 2020ರಲ್ಲಿ ಯುರೋಪ್ ಒಕ್ಕೂಟ ಬಾಗಿಲು ಹಾಕಿತು. ಅಮೆರಿಕದಲ್ಲಿ ಆಹಾರ ಬೆಳೆಗಳ ಮೇಲಿನ ಬಳಕೆಯನ್ನು 2021ರಲ್ಲಿ ರದ್ದು ಮಾಡಿದರು, 2023ರಲ್ಲಿ ಕೋರ್ಟು ಆ ಆದೇಶವನ್ನೇ ರದ್ದು ಮಾಡಿತು. ಅಲ್ಲೂ ರೈತರ ಒತ್ತಡ, ಕಂಪನಿಗಳ ಒತ್ತಡ ಇದ್ದದ್ದೇ. 2025ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಸೇರಿ ಕ್ಲೋರ್‌ಪೈರಿಫಾಸ್ ಅನ್ನು ಕೆಲವು ವಿನಾಯಿತಿಗಳ ಜೊತೆ ತೊಡೆದುಹಾಕಬೇಕಾದ ರಾಸಾಯನಿಕಗಳ ಪಟ್ಟಿಗೆ ಹಾಕಿದವು.

ಇದರಲ್ಲೊಂದು ತಮಾಷೆ ಇದೆ. ಆ ಪಟ್ಟಿ ಇರೋದು ಬಹುಕಾಲ ಒಡೆಯದೆ ಉಳಿಯುವ ವಿಷಗಳಿಗೆ. ಮೊದಲಿಂದಲೂ ಅದರಲ್ಲಿದ್ದವು ಆಲ್ಡ್ರಿನ್, ಹೆಪ್ಟಾಕ್ಲೋರ್. ನಮ್ಮ ಪಾಯಗಳಿಗೆ ಹಿಂದೆ ಹೊಯ್ಯುತ್ತಿದ್ದದ್ದು ಅವನ್ನೇ. "ಅವು ಹೋಗೋದೇ ಇಲ್ಲ, ಇದು ಬೇಗ ಹೋಗುತ್ತದೆ" ಅಂತ ಕ್ಲೋರ್‌ಪೈರಿಫಾಸ್ ತಂದರು. ಗೆದ್ದಲಿಗೆ ಅಂತ ಹೊಯ್ಯುವ ಪ್ರಮಾಣದಲ್ಲಿ ಅದು ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಉಳಿಯಲಿ ಅಂತಲೇ ಹೊಯ್ಯೋದು, ಅಲ್ವಾ? ಈಗ ಅದೂ ಹೋಗಿ ಅದೇ ಪಟ್ಟಿಯಲ್ಲಿ ಕೂತಿದೆ.

ಜಿನೀವಾದಲ್ಲಿ ಪಟ್ಟಿಗೆ ಸೇರಿದ ತಕ್ಷಣ ಇಲ್ಲಿ ನಿಷೇಧ ಆಗೋದಿಲ್ಲ. ಪಟ್ಟಿಗೆ ಹೊಸದಾಗಿ ಸೇರುವ ಪ್ರತಿ ರಾಸಾಯನಿಕವನ್ನೂ ನಾವು ಬೇರೆಯಾಗಿ ಒಪ್ಪಿ ಸಹಿ ಹಾಕಿದರೆ ಮಾತ್ರ ಬಾಧ್ಯತೆ ಅಂತ ಭಾರತ ಮೊದಲೇ ಷರತ್ತು ಹಾಕಿದೆ. ಒಳಗಿನ ದಾರಿಯೂ ನಿಧಾನ. 2020ರ ಮೇನಲ್ಲಿ ಕೇಂದ್ರ ಸರ್ಕಾರ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿತು, ಕ್ಲೋರ್‌ಪೈರಿಫಾಸ್ ಅದರಲ್ಲಿತ್ತು. ಕೊನೆಗೆ ಆ ಪಟ್ಟಿಯಿಂದ ಪೂರ್ತಿ ನಿಷೇಧವಾಗಿದ್ದು ಕೆಲವು ಮಾತ್ರ. ಹಾಗಂತ ಏನೂ ಆಗೋದಿಲ್ಲ ಅಂತಲೂ ಅಲ್ಲ. 2018ರ ಆದೇಶದಂತೆ ಡೈಕ್ಲೋರ್‌ವಾಸ್, ಫೋರೇಟ್‌ಗಳು 2020ರ ಡಿಸೆಂಬರ್ 31ಕ್ಕೆ ನಿಂತವು. ಸುಳ್ವಾಡಿಯ ಮೊನೊಕ್ರೊಟೊಫಾಸ್‌ನ 36% ದ್ರಾವಣಕ್ಕೆ 2023ರಲ್ಲಿ ನಿಷೇಧ ಬಂತು. ಅವೆಲ್ಲ ಹೋದಾಗ ಹೊಲಗಳೇನೂ ಪಾಳು ಬೀಳಲಿಲ್ಲ.

ನನ್ನನ್ನು ಕೇಳಿದರೆ ಕ್ರಮ ಹೀಗಿರಬೇಕು. ಮನೆಯ ಒಳಗಿನ ಬಳಕೆ ಮೊದಲು ನಿಲ್ಲಲಿ, ಅದಕ್ಕೆ ಯಾವ ರೈತನೂ ಅಡ್ಡ ಬರೋದಿಲ್ಲ. ಆಮೇಲೆ ಪಾಯ. ಗೆದ್ದಲಿಗೆ ಬೇರೆ ದಾರಿ ಇಲ್ಲವೇ ಅಂದರೆ ಇದೆ. ಇಮಿಡಾಕ್ಲೋಪ್ರಿಡ್, ಬೈಫೆಂಥ್ರಿನ್ ಈಗಾಗಲೇ ಬಳಕೆಯಲ್ಲಿವೆ. ಮನುಷ್ಯರಿಗೆ ಕಡಿಮೆ ಅಪಾಯ, ಆದರೆ ಮೊದಲನೆಯದು ಜೇನಿಗೆ ಕೆಟ್ಟದ್ದು, ಎರಡನೆಯದು ಮೀನಿಗೆ. ಗೆದ್ದಲೇ ತಿಂದು ಗೂಡಿಗೆ ಒಯ್ಯುವ ಮೇವಿನ ಪೆಟ್ಟಿಗೆಗಳೂ ಇವೆ, ದುಬಾರಿ. ಎಲ್ಲಕ್ಕಿಂತ ಸರಳ ಅಂದರೆ ತೇವ ನಿಲ್ಲದ ಹಾಗೆ ನೋಡಿಕೊಳ್ಳೋದು, ಚೌಕಟ್ಟಿಗೆ ಮರ ಬಿಟ್ಟು ಕಬ್ಬಿಣ ಹಾಕೋದು. ನಮ್ಮ ಅಡುಗೆಮನೆಗೆ ಕೊನೆಗೆ ಮಾಡಿದ್ದು ಅದನ್ನೇ. ಮೇಸ್ತ್ರಿ ತಗೊಂಡ ದುಡ್ಡು ಔಷಧಿಯ ಬಿಲ್ಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ.

ಮನೆಗೆ ಯಾರಾದರೂ ಬಂದರೆ ಡಬ್ಬಿ ತೋರಿಸಿ ಅನ್ನಿ, ಸಂಪು ಎಲ್ಲಿದೆ ಅಂತ ನೀವೇ ಹೇಳಿ, ಬಸುರಿಯರೂ ಮಕ್ಕಳೂ ಇದ್ದರೆ ಬೇಡ ಅನ್ನಿ. ಯಾರಾದರೂ ಕುಡಿದಿದ್ದರೆ ಅಥವಾ ಮೈಮೇಲೆ ಬಿದ್ದಿದ್ದರೆ ಬಟ್ಟೆ ತೆಗೆಸಿ, ಸೋಪು ನೀರಲ್ಲಿ ತೊಳೆದು, 108ಕ್ಕೆ ಕರೆ ಮಾಡಿ. ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ, ವೈದ್ಯರಿಗೆ ಅದರ ಮೇಲಿನ ಹೆಸರು ಬೇಕು. ವಾಂತಿ ಮಾಡಿಸಬೇಡಿ, ದ್ರಾವಕ ಶ್ವಾಸಕೋಶಕ್ಕೆ ಹೋಗುತ್ತದೆ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ನಂಬರು 1800 116 117. ಮನಸ್ಸು ಸೋತು ಡಬ್ಬಿಯ ಕಡೆ ನೋಡುತ್ತಿರುವವರು ಹತ್ತಿರದಲ್ಲಿ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಆ ದಿನ ಕೆಲಸ ಅರ್ಧಕ್ಕೆ ನಿಲ್ಲಿಸಿ ಹುಡುಗರು ಹೊರಟರು. ಹೋಗುವಾಗ ಖಾಲಿಯಾದ ಕ್ಯಾನನ್ನು ಗೇಟಿನ ಹೊರಗೆ ಇಟ್ಟರು. ಎದುರು ಸೈಟಿನಲ್ಲಿ ಮನೆ ಏಳುತ್ತಿದೆ. ಅಲ್ಲಿನ ಕಾವಲಿನವನ ಹೆಂಡತಿ ರಸ್ತೆ ದಾಟಿ ಬಂದಳು.

"ಅಣ್ಣಾರ, ಆ ಕ್ಯಾನ್ ನಿಮಗ ಬ್ಯಾಡೇನ್ರಿ? ನಾ ಒಯ್ಯಲೇನ್ರಿ?"

"ಯಾಕಮ್ಮ?"

"ನೀರ್ ತುಂಬಾಕ್ರಿ."

ವಿಷದ ಡಬ್ಬಿ ಅದು ಅಂತ ಹೇಳಿ, ಸ್ಕ್ರೂಡ್ರೈವರ್ ತಂದು ಅವಳ ಎದುರೇ ಅದಕ್ಕೆ ನಾಲ್ಕು ಕಡೆ ತೂತು ಹಾಕಿದೆ. ಒಳ್ಳೇ ಕ್ಯಾನು ಹಾಳು ಮಾಡಿದ ಅನ್ನೋ ಹಾಗೆ ನೋಡಿ ವಾಪಸ್ಸು ಹೋದಳು. ಶೆಡ್ಡಿನ ಬಾಗಿಲಲ್ಲಿ ಇನ್ನೊಂದು ಬಿಳಿ ಕ್ಯಾನು ನೀರು ತುಂಬಿ ನಿಂತಿತ್ತು. ಮುಚ್ಚಳದ ಮೇಲೆ ಒಂದು ಸ್ಟೀಲ್ ಲೋಟ ಬೋರಲು ಹಾಕಿತ್ತು. ಚೀಟಿ ಅರ್ಧ ಹರಿದಿತ್ತು. ಉಳಿದ ಅರ್ಧದಲ್ಲಿ ಹಳದಿ ಕಾಣುತ್ತಿತ್ತು.